ಆಂಪ್ ಗುಂಯ್ ಅಂದರೆ ಅರ್ಥ್ ಪಿನ್ ತೆಗೆಯಬಹುದಾ?

ಪ್ರಶ್ನೆ: ಗಿಟಾರ್ ಆಂಪ್ ಆನ್ ಮಾಡಿದ ಕೂಡಲೇ ಗುಂಯ್ ಅಂತ ಸದ್ದು ಬರುತ್ತದೆ. ಪ್ಲಗ್‌ನಿಂದ ಅರ್ಥ್ ವೈರ್ ಬಿಚ್ಚಿದರೆ ಸದ್ದು ನಿಲ್ಲುತ್ತದೆ. ಹಾಗೇ ಬಿಡಬಹುದಾ? ಅಥವಾ ಕೆಪಾಸಿಟರ್ ಬದಲಿಸಬೇಕಾ? ರಿಪೇರಿ ಕಲಿಯಲು ಈಗಷ್ಟೇ ಶುರು ಮಾಡಿದ್ದೇನೆ.

ಉತ್ತರ: ಬಿಡಬೇಡಿ. ಮೊದಲು ಎದ್ದು ಆ ವೈರನ್ನು ಮತ್ತೆ ಪ್ಲಗ್‌ಗೆ ಹಾಕಿ ಬನ್ನಿ, ಆಮೇಲೆ ಮುಂದೆ ಓದಿ.

ಗಣೇಶನ ಹಬ್ಬ ಹತ್ತಿರ ಬಂತು ಅಂದರೆ ಈ ಪ್ರಶ್ನೆ ಬರುವುದು ಜಾಸ್ತಿ. ರಾಜ್ಯೋತ್ಸವದ ಆರ್ಕೆಸ್ಟ್ರಾ ಮುಗಿಯುವ ತನಕ ಬರುತ್ತಲೇ ಇರುತ್ತದೆ. ಒಬ್ಬರು ಕೀಬೋರ್ಡ್ ಅನ್ನುತ್ತಾರೆ, ಇನ್ನೊಬ್ಬರು ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಹಾಕಿಸಿದ ವಯಲಿನ್ ಅನ್ನುತ್ತಾರೆ. ಪ್ರಶ್ನೆ ಮಾತ್ರ ಒಂದೇ. ಎಷ್ಟು ಸಲ ಹೇಳಿದರೂ ಮುಂದಿನ ವರ್ಷ ಮತ್ತೊಬ್ಬರು ಪ್ಲಗ್ ಬಿಚ್ಚಿ, ಹಸಿರು ವೈರ್ ಕತ್ತರಿಸಿಕೊಂಡು ಬರುತ್ತಾರೆ. ಅದಕ್ಕೇ ಈ ಸಲ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ನಿಮ್ಮ ಆಂಪ್‌ನ ದೋಷ ಹುಡುಕುವ ಕೆಲಸ ದೊಡ್ಡದೇನಲ್ಲ. ಅದನ್ನು ಮೊದಲು ಮುಗಿಸೋಣ. ಸ್ಕ್ರೂಡ್ರೈವರ್ ಮುಟ್ಟಬೇಡಿ. ಗಿಟಾರ್ ಕೇಬಲ್ಲನ್ನು ಆಂಪ್‌ನಿಂದ ಕೀಳಿ. ಸದ್ದು ಹೋಯಿತಾ? ಹಾಗಾದರೆ ಆಂಪ್ ಚೆನ್ನಾಗಿದೆ. ದೋಷ ಕೇಬಲ್‌ನಲ್ಲೋ ಗಿಟಾರ್‌ನಲ್ಲೋ ಇದೆ. ಹೋಗಲಿಲ್ಲವಾ? ವಾಲ್ಯೂಮ್ ಪೂರ್ತಿ ಇಳಿಸಿ. ಆಗ ಸದ್ದು ನಿಂತರೆ ದೋಷ ವಾಲ್ಯೂಮ್ ಕಂಟ್ರೋಲ್‌ಗಿಂತ ಮುಂಚಿನ ಭಾಗದಲ್ಲಿದೆ. ವಾಲ್ಯೂಮ್ ಸೊನ್ನೆಯಲ್ಲಿದ್ದರೂ ಅಷ್ಟೇ ಜೋರಾಗಿ ಗುಂಯ್ ಅಂದರೆ ಮಾತ್ರ ಪವರ್ ಸಪ್ಲೈ ಮೇಲೆ ಅನುಮಾನ ಪಡಬೇಕು. ನೀವು ಕೇಳಿದ ಕೆಪಾಸಿಟರ್ ಸರದಿ ಬರುವುದು ಆಗ.

ಕಿವಿಯಿಂದಲೂ ಒಂದು ಸುಳಿವು ಸಿಗುತ್ತದೆ. ಇದನ್ನು ಕಲಿಸುವಾಗ ನನಗೆ ಪ್ರತಿ ಸಲವೂ ಖುಷಿ. ಗಿಟಾರ್‌ನ ಅತಿ ದಪ್ಪ ತಂತಿಯ ಮೂರನೇ ಫ್ರೆಟ್ ಒತ್ತಿ ಮೀಟಿ. ಅದು 98 ಹರ್ಟ್ಸ್. ನಮ್ಮ ಕರೆಂಟ್ 50 ಹರ್ಟ್ಸ್. ಅದು ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿದ ಮೇಲೆ 100 ಹರ್ಟ್ಸ್ ಏರಿಳಿತ ಉಳಿಯುತ್ತದೆ. ಅದನ್ನು ನುಂಗಿ ಸಮ ಮಾಡುವುದೇ ಆ ದೊಡ್ಡ ಕೆಪಾಸಿಟರ್‌ಗಳ ಕೆಲಸ. ನಿಮ್ಮ ಗುಂಯ್ ಸದ್ದು ಈ ಸ್ವರಕ್ಕೆ ಹತ್ತಿರ ಹತ್ತಿರ ಕೂತರೆ ಕೆಪಾಸಿಟರ್ ಬಳಲಿರಬಹುದು. ಒಂದು ಸ್ಥಾಯಿ ಕೆಳಗೆ, ಬೇಸ್ ಗಿಟಾರ್‌ನ ಅದೇ ಜಾಗದ ಸ್ವರದಲ್ಲಿದ್ದರೆ ಅದು ನೇರವಾಗಿ ಮೇನ್ಸ್‌ನಿಂದ ಬಂದ 50. ಅಂದರೆ ಕೇಬಲ್ ಶೀಲ್ಡ್ (ಒಳಗಿನ ಸಿಗ್ನಲ್ ವೈರಿನ ಸುತ್ತ ಇರುವ ಲೋಹದ ಹೊದಿಕೆ), ಪಿಕಪ್ ಅಥವಾ ನಾನು ಮುಂದೆ ಹೇಳಲಿರುವ ಅರ್ಥ್ ಲೂಪ್. ಚಿಕ್ಕ ಸ್ಪೀಕರ್‌ನಲ್ಲಿ 50 ಸರಿಯಾಗಿ ಕೇಳಿಸುವುದಿಲ್ಲ, ಅದರ ಮೇಲಿನ ಸ್ವರಗಳಷ್ಟೇ ಕೇಳುತ್ತವೆ. ಹಾಗಾಗಿ ಇದೊಂದನ್ನೇ ನಂಬಿ ಬೆಸುಗೆ ಹಾಕಲು ಹೋಗಬೇಡಿ.

ಇನ್ನು ಆ ಹಸಿರು ವೈರಿನ ವಿಷಯ.

"ಸದ್ದು ಬರುವುದೇ ಅರ್ಥ್‌ನಿಂದ, ಅದಕ್ಕೇ ಅದನ್ನು ತೆಗೆದರೆ ನಿಲ್ಲುತ್ತದೆ" ಅನ್ನುವುದು ನಮ್ಮಲ್ಲಿ ಬೇರೂರಿದ ನಂಬಿಕೆ. ಮೈಕ್ ಸೆಟ್‌ನವರು ಹೇಳುತ್ತಾರೆ, ಹಿರಿಯ ವಾದ್ಯಗಾರರು ಹೇಳುತ್ತಾರೆ. ಕೆಲವು ಕಡೆ ಎರಡೇ ಪಿನ್ನಿನ ಪ್ಲಗ್ ಮೊದಲೇ ಸಿದ್ಧ ಮಾಡಿ ಇಟ್ಟುಕೊಂಡಿರುತ್ತಾರೆ. ಅದನ್ನು ತೆಗೆದಾಗ ಸದ್ದು ನಿಲ್ಲುವುದು ನಿಜ. ಯಾಕೆ ನಿಲ್ಲುತ್ತದೆ ಅಂತ ನೋಡಬೇಕು.

ನಿಮ್ಮ ಆಂಪ್ ಒಂದು ಗೋಡೆಯ ಸಾಕೆಟ್‌ನಲ್ಲಿದೆ. ಮಿಕ್ಸರ್ ಎದುರಿನ ಗೋಡೆಯ ಸಾಕೆಟ್‌ನಲ್ಲಿದೆ. ಎರಡಕ್ಕೂ ಅವುಗಳದೇ ಅರ್ಥ್ ಇದೆ. ಈಗ ಆಂಪ್‌ನಿಂದ ಮಿಕ್ಸರ್‌ಗೆ ಒಂದು ಆಡಿಯೊ ಕೇಬಲ್ ಎಳೆದಿರಿ. ಆ ಕೇಬಲ್ಲಿನ ಶೀಲ್ಡ್ ಕೂಡ ಎರಡೂ ಯಂತ್ರಗಳ ಲೋಹದ ಡಬ್ಬಿಗಳ ಅರ್ಥನ್ನು ಸೇರಿಸುತ್ತದೆ. ಹೀಗೆ ಗೋಡೆಯ ಒಳಗಿಂದ ಒಂದು ದಾರಿ, ಕೇಬಲ್‌ನಿಂದ ಇನ್ನೊಂದು ದಾರಿ ಸೇರಿ ದೊಡ್ಡ ಸುತ್ತು ಆಗುತ್ತದೆ. ಎರಡು ಸಾಕೆಟ್‌ಗಳ ಅರ್ಥ್ ನಡುವೆ ಕೆಲವು ಮಿಲಿವೋಲ್ಟ್ ವ್ಯತ್ಯಾಸ ಇದ್ದರೂ ಸಾಕು, ಆ ಸುತ್ತಿನಲ್ಲಿ 50 ಹರ್ಟ್ಸ್ ಕರೆಂಟ್ ಓಡಾಡುತ್ತದೆ. ಅದು ಶೀಲ್ಡ್‌ನಲ್ಲಿ ಹರಿದು ನಿಮ್ಮ ಸಿಗ್ನಲ್‌ಗೆ ಸೇರಿಕೊಳ್ಳುತ್ತದೆ. ಇದೇ ಅರ್ಥ್ ಲೂಪ್. ಹಸಿರು ವೈರ್ ಕತ್ತರಿಸಿದಾಗ ಸುತ್ತು ತುಂಡಾಯಿತು, ಸದ್ದು ನಿಂತಿತು. ಈಗ ನಿಮ್ಮ ಆಂಪ್‌ಗೆ ಉಳಿದಿರುವ ಅರ್ಥ್ ಅಂದರೆ ಆ ಆಡಿಯೊ ಕೇಬಲ್‌ನ ಕೂದಲೆಳೆಯ ಶೀಲ್ಡ್ ಮಾತ್ರ. ಯಾರೋ ಆ ಕೇಬಲ್ ಎಳೆದುಹಾಕಿದರೆ ಅದೂ ಇಲ್ಲ.

ಗಿಟಾರ್ ಮತ್ತು ಆಂಪ್ ಎರಡೇ ಇದ್ದು, ಬೇರೆ ಯಾವ ಯಂತ್ರಕ್ಕೂ ಕೇಬಲ್ ಹೋಗಿಲ್ಲ ಅಂದರೆ ಲೂಪ್ ಆಗಲು ದಾರಿಯೇ ಇಲ್ಲ. ಆಗ ಅರ್ಥ್ ತೆಗೆದರೆ ಸಾಮಾನ್ಯವಾಗಿ ಸದ್ದು ಜಾಸ್ತಿಯೇ ಆಗುತ್ತದೆ. ನಿಮ್ಮಲ್ಲಿ ಕಡಿಮೆ ಆಗಿದೆ ಅಂದರೆ ಎಲ್ಲೋ ಇನ್ನೊಂದು ಅರ್ಥ್ ಇದೆ. ಲ್ಯಾಪ್‌ಟಾಪ್, ಮಿಕ್ಸರ್, ಎಫೆಕ್ಟ್ಸ್ ಪೆಡಲ್‌ನ ಅಡಾಪ್ಟರ್, ಏನೋ ಒಂದು. ಅದನ್ನು ಹುಡುಕಿ.

ತಿಂಗಳ ಹಿಂದೆ ಕಾಲೇಜು ಹುಡುಗನೊಬ್ಬ ಪುಟ್ಟ ಪ್ರಾಕ್ಟೀಸ್ ಆಂಪ್ ತಂದಿದ್ದ. "ಸರ್, ತಂತಿ ಮುಟ್ಟಿದರೆ ಸ್ವಲ್ಪ ಜುಮ್ ಅನ್ನುತ್ತೆ, ಅಷ್ಟೇ" ಅಂದ. ಪ್ಲಗ್ ಬಿಚ್ಚಿದೆ. ಹಸಿರು ವೈರನ್ನು ಹಿಂದಕ್ಕೆ ಮಡಚಿ, ಕಪ್ಪು ಟೇಪ್ ಸುತ್ತಿ, ಒಳಗೇ ಅಡಗಿಸಿಟ್ಟಿದ್ದರು. ಹೊರಗಿನಿಂದ ನೋಡಿದರೆ ಮೂರೂ ಪಿನ್ ಇದ್ದವು. ಹಾಗೇ ಆನ್ ಮಾಡಿ ಗಿಟಾರ್‌ನ ತಂತಿಗೆ ಟೆಸ್ಟರ್ ಮುಟ್ಟಿಸಿದೆ. ಒಳಗಿನ ದೀಪ ಮಂಕಾಗಿ ಕೆಂಪಗೆ ಹೊತ್ತಿಕೊಂಡಿತು. ತಂತಿಗೂ ಗೋಡೆಯ ಅರ್ಥ್‌ಗೂ ನಡುವೆ ಮಲ್ಟಿಮೀಟರ್ ಇಟ್ಟೆ. 104 ವೋಲ್ಟ್. ಹುಡುಗ ಕೈ ಹಿಂದೆ ಕಟ್ಟಿಕೊಂಡು ನಿಂತ.

ಆ 104 ವೋಲ್ಟ್ ಅವನನ್ನು ಕೊಲ್ಲುವುದಿಲ್ಲ. ಅರ್ಥ್ ಇಲ್ಲದ ಡಬ್ಬಿಗೆ ಟ್ರಾನ್ಸ್‌ಫಾರ್ಮರ್‌ನಿಂದ ಸೋರಿ ಬರುವ ಕರೆಂಟ್ ತೀರಾ ಸಣ್ಣದು. ಮೀಟರ್‌ಗೆ ಕಾಣುತ್ತದೆ, ಬೆರಳಿಗೆ ಜುಮ್ ಅನ್ನಿಸುತ್ತದೆ. ಇದೇ ಜನರಿಗೆ ಧೈರ್ಯ ಕೊಟ್ಟಿರುವುದು. ವರ್ಷಗಟ್ಟಲೆ ಏನೂ ಆಗಲಿಲ್ಲವಲ್ಲ ಅನ್ನುತ್ತಾರೆ. ಆದರೆ ಒಂದು ದಿನ ಟ್ರಾನ್ಸ್‌ಫಾರ್ಮರ್‌ನ ಇನ್ಸುಲೇಷನ್ ಸುಟ್ಟಿತು ಅಂದುಕೊಳ್ಳಿ. ಅಥವಾ ಸಾಗಿಸುವಾಗ ಕುಲುಕಿ ಫೇಸ್ ವೈರ್ ಕಳಚಿ ಡಬ್ಬಿಗೆ ತಾಗಿತು ಅಂದುಕೊಳ್ಳಿ. ಅರ್ಥ್ ಇದ್ದರೆ ಅಷ್ಟೂ ಕರೆಂಟ್ ಒಮ್ಮೆಲೇ ಅದರಲ್ಲಿ ಹರಿದು ಫ್ಯೂಸ್ ಹೋಗುತ್ತದೆ ಅಥವಾ ಎಂಸಿಬಿ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಏನೂ ಆಗುವುದಿಲ್ಲ. ಆಂಪ್ ಚೆನ್ನಾಗಿಯೇ ನುಡಿಯುತ್ತಿರುತ್ತದೆ. ಡಬ್ಬಿ ಮೇಲೆ 230 ವೋಲ್ಟ್ ಸುಮ್ನೆ ಕೂತಿರುತ್ತದೆ. ಡಬ್ಬಿಯಿಂದ ಕೇಬಲ್ ಶೀಲ್ಡ್, ಅಲ್ಲಿಂದ ತಂತಿಗಳು ಕೂತಿರುವ ಗಿಟಾರ್ ಬ್ರಿಡ್ಜ್, ಬ್ರಿಡ್ಜ್‌ನಿಂದ ತಂತಿಗಳು. ನಿಮ್ಮ ಎಡಗೈ ಬೆರಳುಗಳು ಅದೇ ತಂತಿಯ ಮೇಲಿರುತ್ತವೆ. ತುಟಿ ಮೈಕ್‌ಗೆ ತಾಗುತ್ತದೆ. ಮೈಕ್‌ಗೆ ಮಿಕ್ಸರ್‌ನಿಂದ ಸರಿಯಾದ ಅರ್ಥ್ ಇದೆ. ಕರೆಂಟ್ ಕೈಯಿಂದ ಎದೆ ದಾಟಿ ತುಟಿಗೆ ಹೋಗುತ್ತದೆ. ಕಾಲಿಗೆ ರಬ್ಬರ್ ಚಪ್ಪಲಿ ಇದ್ದರೂ ಪ್ರಯೋಜನವಿಲ್ಲ, ಯಾಕೆಂದರೆ ಈ ದಾರಿಯಲ್ಲಿ ಕಾಲೇ ಬರುವುದಿಲ್ಲ.

ಇದು ಹೆದರಿಸಲು ಕಟ್ಟಿದ ಕತೆಯಲ್ಲ. ಸ್ಟೋನ್ ದಿ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸೀಯಲ್ಲಿ ವೇದಿಕೆಯ ಮೇಲೇ ತೀರಿಕೊಂಡರು. ಅವರು ಮುಟ್ಟಿದ ಮೈಕ್‌ಗೆ ಅರ್ಥ್ ಸರಿ ಇರಲಿಲ್ಲ. ಅವರಿಗೆ 27 ವರ್ಷ. ಯಾರ್ಡ್‌ಬರ್ಡ್ಸ್ ತಂಡದ ಹಾಡುಗಾರರಾಗಿದ್ದ ಕೀತ್ ರೆಲ್ಫ್ 1976ರಲ್ಲಿ ಮನೆಯಲ್ಲಿ ಗಿಟಾರ್ ನುಡಿಸುವಾಗ ಶಾಕ್ ಹೊಡೆದು ಸತ್ತರು. ಅವರಿಗೆ 33.

"ಆಂಪ್‌ನಲ್ಲಿ ಫ್ಯೂಸ್ ಇದೆಯಲ್ಲ" ಅಂತ ಕೇಳುವವರೂ ಇದ್ದಾರೆ. ನಿಮ್ಮ ಆಂಪ್‌ನ ಫ್ಯೂಸ್ 2 ಆಂಪಿಯರ್ ಅಂದುಕೊಳ್ಳಿ. ಅಂದರೆ 2000 ಮಿಲಿ ಆಂಪಿಯರ್. ಮನುಷ್ಯರ ಜೀವ ಉಳಿಸಲೆಂದು ಮನೆಗೆ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿಯರ್‌ಗೇ ಬೀಳುತ್ತದೆ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಫ್ಯೂಸ್ ಇರುವುದು ಟ್ರಾನ್ಸ್‌ಫಾರ್ಮರ್ ಮತ್ತು ವೈರ್ ಸುಡದಿರಲಿ ಅಂತ. ನಿಮ್ಮ ಮೈಯಲ್ಲಿ ಕರೆಂಟ್ ಹರಿಯುತ್ತಿರುವುದು ಅದಕ್ಕೆ ಗೊತ್ತೇ ಆಗುವುದಿಲ್ಲ.

ನಮ್ಮ ಮೂರು ಪಿನ್ನಿನ ಪ್ಲಗ್ಗನ್ನೇ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಅರ್ಥ್ ಪಿನ್ ಉಳಿದೆರಡಕ್ಕಿಂತ ದಪ್ಪ, ಉದ್ದವೂ ಜಾಸ್ತಿ. ಚುಚ್ಚುವಾಗ ಎಲ್ಲಕ್ಕಿಂತ ಮೊದಲು ಅದು ಸೇರಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು ಅಂತ ಹಾಗೆ ಮಾಡಿದ್ದಾರೆ. ಅಷ್ಟು ಯೋಚಿಸಿ ಇಟ್ಟಿದ್ದನ್ನು ನಾವು ಟೇಪ್ ಸುತ್ತಿ ಮೂಲೆಗೆ ತಳ್ಳುತ್ತೇವೆ ಅಂದರೆ ನನಗೆ ನಿಜವಾಗಿಯೂ ಬೇಸರ ಆಗುತ್ತದೆ.

ಹಾಗಾದರೆ ಸದ್ದು ಹೋಗುವುದು ಹೇಗೆ? ಆಂಪ್, ಮಿಕ್ಸರ್, ಲ್ಯಾಪ್‌ಟಾಪ್, ಪೆಡಲ್, ಎಲ್ಲವನ್ನೂ ಒಂದೇ ಗೋಡೆ ಸಾಕೆಟ್‌ನಿಂದ, ಒಂದೇ ಒಳ್ಳೆಯ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿ. ಅರ್ಧ ಕೇಸ್‌ಗಳು ಇಲ್ಲೇ ಮುಗಿಯುತ್ತವೆ. ಆ ಹುಡುಗನದೂ ಹೀಗೇ ಮುಗಿಯಿತು. ಇಷ್ಟಕ್ಕೂ ಹೋಗದಿದ್ದರೆ ಗ್ರೌಂಡ್ ಲಿಫ್ಟ್ ಸ್ವಿಚ್ ಇರುವ ಡಿಐ ಬಾಕ್ಸ್ (ವಾದ್ಯದ ಸಿಗ್ನಲ್ಲನ್ನು ಮಿಕ್ಸರ್‌ಗೆ ಹೊಂದಿಸಿ ಕೊಡುವ ಪುಟ್ಟ ಪೆಟ್ಟಿಗೆ) ತನ್ನಿ. ಅದು ಆಡಿಯೊ ಕೇಬಲ್ಲಿನ ಶೀಲ್ಡನ್ನು ಬಿಡಿಸುತ್ತದೆ, ಮೇನ್ಸ್ ಅರ್ಥನ್ನು ಮುಟ್ಟುವುದಿಲ್ಲ. ಸುತ್ತು ತುಂಡು ಮಾಡಬೇಕಾದ ಜಾಗ ಅದು. ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರೋಡ್ ಕಡೆ ಹುಡುಕಿ.

ಸಾಕೆಟ್‌ನಲ್ಲೇ ಅರ್ಥ್ ಇದೆಯಾ ಅಂತಲೂ ನೋಡಬೇಕು. ಹಳೆಯ ಮನೆಗಳಲ್ಲಿ ಮೂರು ತೂತು ಇರುತ್ತವೆ, ಮೇಲಿನ ತೂತಿನ ಹಿಂದೆ ವೈರೇ ಇರುವುದಿಲ್ಲ. ಇನ್ನೂ ಕೆಟ್ಟದ್ದು, ನ್ಯೂಟ್ರಲ್‌ನಿಂದ ಒಂದು ತುಂಡು ವೈರ್ ಎಳೆದು ಅರ್ಥ್‌ಗೆ ಕೊಟ್ಟಿರುತ್ತಾರೆ. ಮುಂದೆ ಎಂದಾದರೂ ನ್ಯೂಟ್ರಲ್ ಕಡಿದರೆ ಆಂಪ್‌ನ ಡಬ್ಬಿಗೇ ಫೇಸ್ ಬರುತ್ತದೆ. ಮಲ್ಟಿಮೀಟರ್ ಎಸಿ 750ರಲ್ಲಿಟ್ಟು ಅಳೆದರೆ ಫೇಸ್ ಮತ್ತು ಅರ್ಥ್ ನಡುವೆ ಸುಮಾರು 230 ಬರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಅಷ್ಟೇ. ನ್ಯೂಟ್ರಲ್‌ನಿಂದ ಎಳೆದ ಅರ್ಥ್ ಮಾತ್ರ ಈ ಅಳತೆಯಲ್ಲಿ ಗೊತ್ತಾಗುವುದಿಲ್ಲ. ನೀವು ಹೊಸಬರು, ಮೊದಲ ಸಲ ಎಲೆಕ್ಟ್ರಿಷಿಯನ್ನನ್ನು ಕರೆದು ಅವರ ಕೈಯಲ್ಲೇ ಅಳೆಯಿಸಿ, ಪಕ್ಕದಲ್ಲಿ ನಿಂತು ನೋಡಿ. ಪೆಂಡಾಲ್‌ನಲ್ಲಿ ಜನರೇಟರ್ ಇದ್ದರೆ ಅದಕ್ಕೆ ಅರ್ಥ್ ಕೊಟ್ಟಿದ್ದಾರಾ ಅಂತ ಕೇಳದೆ ವಾದ್ಯ ಚುಚ್ಚಬೇಡಿ.

ಕೆಪಾಸಿಟರ್ ಬದಲಿಸುವ ವಿಷಯ ಚುಟುಕಾಗಿ ಹೇಳುತ್ತೇನೆ. ಟ್ರಾನ್ಸಿಸ್ಟರ್ ಅಥವಾ ಐಸಿ ಇರುವ ಸಣ್ಣ ಆಂಪ್ ಆದರೆ ಕಲಿಯಬಹುದು. ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ದೊಡ್ಡ ಕೆಪಾಸಿಟರ್ ಮೇಲೆ ಡಿಸಿ ವೋಲ್ಟ್ ಅಳೆದು, ಸೊನ್ನೆ ಹತ್ತಿರ ಬಂದ ಮೇಲೆಯೇ ಕೈ ಹಾಕಿ. ಹೊಸದು ಅಷ್ಟೇ ಮೈಕ್ರೋಫ್ಯಾರಡ್ ಇರಲಿ, ವೋಲ್ಟೇಜ್ ಅಷ್ಟೇ ಅಥವಾ ಜಾಸ್ತಿ ಇರಲಿ, ಪ್ಲಸ್ ಮೈನಸ್ ತಿರುಗದಿರಲಿ. ವಾಲ್ವ್ (ಗಾಜಿನ ಟ್ಯೂಬ್) ಆಂಪ್ ಆದರೆ ಸದ್ಯಕ್ಕೆ ಬಿಚ್ಚಲೇ ಬೇಡಿ. ಅದರೊಳಗೆ ನೂರಾರು ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು.

ಅರ್ಥ್ ಮಾತು ಬಂದಾಗ ನೀವು ಕೇಳದಿದ್ದರೂ ಇನ್ನೊಂದು ಹೇಳಬೇಕು. "ತಂತಿ ಮುಟ್ಟಿದರೆ ಕರಕರ ನಿಲ್ಲುತ್ತದೆ, ಕೈ ತೆಗೆದರೆ ಮತ್ತೆ ಶುರು, ಹಾಗಾದರೆ ಗಿಟಾರ್ ಕೆಟ್ಟಿದೆಯಾ?" ಅಂತ ಗಾಬರಿ ಆಗುವವರು ಬಹಳ. ಕೆಟ್ಟಿಲ್ಲ. ನಿಮ್ಮ ಮೈ ಒಂದು ದೊಡ್ಡ ಆಂಟೆನಾ. ಕೋಣೆಯ ಟ್ಯೂಬ್‌ಲೈಟು, ಅಡಾಪ್ಟರು, ವೈರಿಂಗ್ ಎಲ್ಲದರ ಗದ್ದಲವನ್ನು ಹಿಡಿದು ಪಿಕಪ್ ಹತ್ತಿರ ತಂದು ನಿಲ್ಲಿಸುತ್ತದೆ. ತಂತಿ ಮುಟ್ಟಿದಾಗ ಮೈ ಆಂಪ್‌ನ ಅರ್ಥ್‌ಗೆ ಸೇರುತ್ತದೆ, ಗದ್ದಲ ಅಲ್ಲೇ ಇಳಿದುಹೋಗುತ್ತದೆ. ಒಂಟಿ ಕಾಯಿಲ್‌ನ ಪಿಕಪ್ ಇದ್ದರೆ ಜೊತೆಗೆ ಇನ್ನೊಂದು ಗುಂಯ್ ಇರುತ್ತದೆ. ಅದು ಮುಟ್ಟಿದರೆ ಹೋಗುವುದಿಲ್ಲ, ನೀವು ಗಿಟಾರ್ ಹಿಡಿದು ತಿರುಗಿದಂತೆ ಹೆಚ್ಚು ಕಡಿಮೆ ಆಗುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಎರಡು ಕಾಯಿಲ್‌ನ ಹಂಬಕರ್ ಪಿಕಪ್‌ಗೆ ಪೇಟೆಂಟ್ ಅರ್ಜಿ ಹಾಕಿದ್ದು ಇದನ್ನು ಅಡಗಿಸಲಿಕ್ಕೇ.

ತಂತಿ ಮುಟ್ಟಿದರೆ ಏನೂ ಬದಲಾಗದೆ, ಕೇಬಲ್ ಪಿನ್ನಿನ ಲೋಹದ ಹಿಡಿ ಮುಟ್ಟಿದಾಗ ಮಾತ್ರ ಸದ್ದು ನಿಂತರೆ ಆಗ ಗಿಟಾರ್ ನೋಡಬೇಕು. ಕೇಬಲ್ಲನ್ನು ಆಂಪ್‌ನಿಂದ ಕಿತ್ತು, ಗಿಟಾರ್ ಕಡೆಯದನ್ನು ಹಾಗೇ ಬಿಡಿ. ಮಲ್ಟಿಮೀಟರ್ ಬೀಪ್‌ನಲ್ಲಿಟ್ಟು ಒಂದು ಕಡ್ಡಿ ತಂತಿಗೆ, ಇನ್ನೊಂದು ಕಿತ್ತ ಪಿನ್ನಿನ ತುದಿಗಲ್ಲ, ಅದರ ಹಿಂದಿನ ಉದ್ದನೆಯ ಲೋಹದ ಭಾಗಕ್ಕೆ ಹಿಡಿಯಿರಿ. ಬೀಪ್ ಬರದಿದ್ದರೆ ಬ್ರಿಡ್ಜ್‌ಗೆ ಹೋಗುವ ವೈರ್ ಬಿಟ್ಟಿರುವ ಸಾಧ್ಯತೆ ಹೆಚ್ಚು. ಕೆಲವು ಗಿಟಾರ್‌ಗಳಲ್ಲಿ ಅದನ್ನು ಹಿಂದಿನ ಮುಚ್ಚಳದೊಳಗೆ, ಸ್ಪ್ರಿಂಗ್‌ಗಳನ್ನು ಹಿಡಿದ ಪಟ್ಟಿಗೆ ಬೆಸೆದಿರುತ್ತಾರೆ. ಇನ್ನು ಕೆಲವದರಲ್ಲಿ ತುದಿ ಬ್ರಿಡ್ಜ್ ತಟ್ಟೆಯ ಕೆಳಗೆ ಸುಮ್ನೆ ಒತ್ತಿ ಕೂತಿರುತ್ತದೆ. ಆ ತುದಿಗೆ ಹಿಡಿದ ಕಿಲುಬು ಕೆರೆದು, ತಟ್ಟೆಯ ಕೆಳಗೆ ಮತ್ತೆ ಹರಡಿ ಕೂರಿಸಿ, ಸ್ಕ್ರೂ ಬಿಗಿ ಮಾಡಿ, ಇನ್ನೊಮ್ಮೆ ಬೀಪ್ ನೋಡಿ.