ಡೆಲಿವರಿ ಬೈಕ್ ಗುದ್ದಿತು, ಸವಾರನೂ ಕಂಪನಿಯೂ ಜಾರಿಕೊಳ್ಳುತ್ತಿದ್ದಾರೆ: ಪರಿಹಾರ ಯಾರಿಂದ ಕೇಳಬೇಕು?

ಓದುಗರ ಪ್ರಶ್ನೆ: ಎಲೆಕ್ಟ್ರಿಷಿಯನ್ ಆಗಿರುವ ನನ್ನ ತಮ್ಮನಿಗೆ (34 ವರ್ಷ) ರಸ್ತೆ ದಾಟುವಾಗ ಡೆಲಿವರಿ ಬೈಕ್ ಡಿಕ್ಕಿ ಹೊಡೆದು ಮೊಣಕಾಲ ಕೆಳಗಿನ ಮೂಳೆ ಮುರಿದಿದೆ. ಬೈಕ್ ಸವಾರನ ಹೆಸರಿನಲ್ಲಿಲ್ಲ, ಅವನ ಹತ್ತಿರ ದುಡ್ಡೂ ಇಲ್ಲ. ಆ್ಯಪ್ ಕಂಪನಿಯನ್ನು ಕೇಳಿದರೆ "ಅವರು ನಮ್ಮ ನೌಕರರಲ್ಲ, ಡೆಲಿವರಿ ಪಾರ್ಟ್ನರ್" ಎನ್ನುತ್ತಾರೆ. ಯಾರ ಮೇಲೆ ಕೇಸ್ ಹಾಕಬೇಕು?

ಉತ್ತರ: ಒಬ್ಬರನ್ನೇ ಆರಿಸಿಕೊಳ್ಳಬೇಕಿಲ್ಲ. ಸವಾರ, ಆರ್‌ಸಿಯಲ್ಲಿ ಹೆಸರಿರುವ ಮಾಲೀಕ, ಬೈಕಿನ ವಿಮಾ ಕಂಪನಿ ಮತ್ತು ಆ್ಯಪ್ ಕಂಪನಿ, ಈ ನಾಲ್ವರನ್ನೂ ಪ್ರತಿವಾದಿಗಳನ್ನಾಗಿ ಮಾಡಿ ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 166ರಡಿ ಒಂದೇ ಅರ್ಜಿ ಹಾಕಬಹುದು. ಕರ್ನಾಟಕದ ಕೋರ್ಟುಗಳಲ್ಲಿ ಇದಕ್ಕೆ ಎಂವಿಸಿ ಕೇಸ್ ಎನ್ನುತ್ತಾರೆ. ಅಪಘಾತ ನಡೆದ ಊರಿನಲ್ಲೇ ಹಾಕಬೇಕೆಂಬ ನಿಯಮವಿಲ್ಲ. ಗಾಯಾಳು ವಾಸವಿರುವ ಅಥವಾ ದುಡಿಯುವ ಊರಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೂ ಹಾಕಬಹುದು.

"ನೌಕರನೋ ಪಾರ್ಟ್ನರೋ" ಎಂಬ ವಾದ ಕೇಳಿ ಕಂಗೆಡಬೇಡಿ. ಬೈಕಿಗೆ ಥರ್ಡ್ ಪಾರ್ಟಿ ವಿಮೆ (ವಾಹನದಿಂದ ಬೇರೆಯವರಿಗೆ ಆಗುವ ಹಾನಿಗೆ ಇರುವ ವಿಮೆ) ಇದ್ದರೆ ಹಣ ಬರುವುದು ಬಹುಮಟ್ಟಿಗೆ ವಿಮಾ ಕಂಪನಿಯಿಂದಲೇ. ಆದ್ದರಿಂದ ಮೊದಲು ವಾಹನದ ಸಂಖ್ಯೆ ಹಿಡಿದು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಎರಡು ವಿಷಯ ನೋಡಿ: ಆರ್‌ಸಿ ಯಾರ ಹೆಸರಿನಲ್ಲಿದೆ, ಅಪಘಾತದ ದಿನ ಪಾಲಿಸಿ ಚಾಲ್ತಿಯಲ್ಲಿತ್ತೇ. ಪಾಲಿಸಿ ಅದೇ ದಿನ ನವೀಕರಣವಾಗಿದ್ದರೆ ಅದು ಜಾರಿಗೆ ಬಂದ ಗಂಟೆಯನ್ನೂ ನೋಡಬೇಕು. "ಬೈಕ್ ಮಾರಿ ವರ್ಷವಾಯಿತು" ಎಂದು ಮಾಲೀಕ ಹೇಳಿದರೂ ಆರ್‌ಸಿ ವರ್ಗಾವಣೆ ಆಗದಿದ್ದರೆ ಹೊಣೆ ಅವನದೇ. 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ.

ವಿಮಾ ಕಂಪನಿ ಸುಮ್ಮನೆ ಒಪ್ಪುವುದಿಲ್ಲ. ಡೆಲಿವರಿ ವಾಹನಗಳ ಕೇಸಿನಲ್ಲಿ ಅದು ಸಾಮಾನ್ಯವಾಗಿ ಎರಡು ತಕರಾರು ತೆಗೆಯುತ್ತದೆ. ಒಂದು, ಬಿಳಿ ನಂಬರ್ ಪ್ಲೇಟಿನ ಸ್ವಂತ ಬಳಕೆಯ ಬೈಕನ್ನು ಬಾಡಿಗೆ ಕೆಲಸಕ್ಕೆ ಬಳಸಿ ಪಾಲಿಸಿಯ ಷರತ್ತು ಮುರಿಯಲಾಗಿದೆ ಎಂಬುದು. ಎರಡು, ಚಾಲಕನ ಲೈಸೆನ್ಸ್ ಸರಿಯಿಲ್ಲ ಎಂಬುದು. ಷರತ್ತು ಮುರಿದದ್ದು ಸಾಬೀತಾದರೂ ಕೋರ್ಟುಗಳು ಅನೇಕ ಪ್ರಕರಣಗಳಲ್ಲಿ "ಮೊದಲು ಗಾಯಾಳುವಿಗೆ ಕೊಡಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಿ" ಎಂದು ಆದೇಶಿಸಿವೆ. 2004ರ ಸ್ವರಣ್ ಸಿಂಗ್ ತೀರ್ಪು ಇದಕ್ಕೆ ಬುನಾದಿ. ಹೀಗೆ ಆದೇಶಿಸಬೇಕೆಂಬ ಕೋರಿಕೆಯನ್ನು ಪರ್ಯಾಯವಾಗಿ ಅರ್ಜಿಯಲ್ಲೇ ಬರೆಸಿ. ಡಿಕ್ಕಿ ಹೊಡೆದದ್ದು ಸರಕಿನ ವ್ಯಾನ್ ಆಗಿದ್ದರೆ ಇನ್ನೊಂದು ಅನುಕೂಲವಿದೆ: 7,500 ಕೆಜಿ ಮೀರದ ಸಾರಿಗೆ ವಾಹನವನ್ನು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇರುವವರು ಓಡಿಸಬಹುದು, ಬೇರೆ ಅನುಮೋದನೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ.

ಹಾಗಾದರೆ ಆ್ಯಪ್ ಕಂಪನಿಯನ್ನು ಸೇರಿಸುವುದೇಕೆ? ವಿಮೆ ಇಲ್ಲದಿದ್ದರೆ ಅಥವಾ ವಿಮಾ ಕಂಪನಿ ಹೊಣೆಯಿಂದ ಪಾರಾದರೆ ಉಳಿಯುವ ಶಕ್ತ ಪ್ರತಿವಾದಿ ಅದೊಂದೇ. ಒಪ್ಪಂದದಲ್ಲಿ ಏನು ಹೆಸರಿಟ್ಟಿದ್ದಾರೆ ಎನ್ನುವುದಕ್ಕಿಂತ ಸವಾರನ ಕೆಲಸದ ಮೇಲೆ ಹಿಡಿತ ಯಾರದಿತ್ತು ಎನ್ನುವುದರ ಮೇಲೆ ವಾದ ಕಟ್ಟಬೇಕು: ಆರ್ಡರ್ ಹಂಚಿದ್ದು ಯಾರು, ಸಮಯ ಗೊತ್ತುಮಾಡಿದ್ದು ಯಾರು, ತಡವಾದರೆ ದುಡ್ಡು ಕಡಿತ ಮಾಡುವುದು ಯಾರು. ಕೋರ್ಟು ಇದನ್ನು ಒಪ್ಪಿಯೇ ಒಪ್ಪುತ್ತದೆಂದು ಭರವಸೆ ಕೊಡಲಾಗದು. ಆದರೆ ಅಪಘಾತದ ಕ್ಷಣದಲ್ಲಿ ಅವನು ಆರ್ಡರ್ ಹೊತ್ತು ಹೋಗುತ್ತಿದ್ದ ಎಂಬ ದಾಖಲೆಯೇ ಇಲ್ಲದಿದ್ದರೆ ಈ ವಾದ ಶುರುವಾಗುವುದೇ ಇಲ್ಲ. ಬ್ಯಾಗ್, ಟೀ ಶರ್ಟು, ಸವಾರನ ಫೋನಿನಲ್ಲಿ ಕಾಣುವ ಆರ್ಡರ್ ಸಂಖ್ಯೆ ಇವುಗಳ ಫೋಟೊ ಸ್ಥಳದಲ್ಲೇ ತೆಗೆದಿದ್ದರೆ ಜೋಪಾನ ಮಾಡಿ. ಆ ಹೊತ್ತಿನ ಲಾಗಿನ್ ಮತ್ತು ಟ್ರಿಪ್ ದಾಖಲೆ ಅಳಿಸದೆ ಇಡುವಂತೆ ಕಂಪನಿಗೆ ಕೂಡಲೇ ವಕೀಲರ ನೋಟಿಸ್ ಕೊಡಿಸಿ; ಮುಂದೆ ನ್ಯಾಯಮಂಡಳಿಯ ಮೂಲಕವೇ ಅದನ್ನು ತರಿಸಿಕೊಳ್ಳಬಹುದು.

ಇಲ್ಲಿ ಹಲವರು ಎಡವುವ ಜಾಗವೊಂದಿದೆ. ಗಂಟೆಗೆ 25 ಕಿ.ಮೀ. ವೇಗ ಮೀರದ, 250 ವಾಟ್ ಒಳಗಿನ ಎಲೆಕ್ಟ್ರಿಕ್ ಸ್ಕೂಟರುಗಳು ನಿಯಮದ ಪ್ರಕಾರ ಮೋಟಾರು ವಾಹನವೇ ಅಲ್ಲ. ನೋಂದಣಿ ಇಲ್ಲ, ಕಡ್ಡಾಯ ವಿಮೆಯೂ ಇಲ್ಲ. ಡೆಲಿವರಿಗೆ ಇವು ಈಗ ಧಾರಾಳವಾಗಿ ಓಡುತ್ತಿವೆ. ಗುದ್ದಿದ್ದು ಇಂಥದ್ದಾದರೆ ಸಿವಿಲ್ ದಾವೆಯ ದಾರಿ ಹಿಡಿಯಬೇಕಾಗಬಹುದು. ಸವಾರನ ಜೊತೆಗೆ ಸ್ಕೂಟರ್ ಬಾಡಿಗೆಗೆ ಕೊಟ್ಟ ಸಂಸ್ಥೆಯನ್ನೂ ಆ್ಯಪ್ ಕಂಪನಿಯನ್ನೂ ಸೇರಿಸಲೇಬೇಕು. ನಂಬರ್ ಪ್ಲೇಟ್ ಇಲ್ಲ ಎಂದ ಮಾತ್ರಕ್ಕೆ ಈ ಗುಂಪಿಗೆ ಸೇರಿತೆಂದು ನಂಬಬೇಡಿ. ಮೋಟಾರು ವಾಹನ ನಿರೀಕ್ಷಕರ ತಪಾಸಣಾ ವರದಿಯಲ್ಲಿ ವೇಗ, ಶಕ್ತಿ ನಮೂದಾಗುವಂತೆ ಕೇಳಿ.

ಇನ್ನು ಕಾಗದಪತ್ರ. ಕೇಸ್ ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಮೊದಲ ಕೆಲವು ದಿನಗಳ ಬರಹದಲ್ಲಿ. ಆಸ್ಪತ್ರೆಯ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣಗಳ) ರಿಜಿಸ್ಟರಿನಲ್ಲಿ ಗಾಯಕ್ಕೆ ಕಾರಣ ಏನೆಂದು ಬರೆದಿದ್ದಾರೆ ನೋಡಿ. ಕರೆತಂದವರು ಗಡಿಬಿಡಿಯಲ್ಲಿ "ರಸ್ತೆಯಲ್ಲಿ ಬಿದ್ದರು" ಎಂದಿದ್ದರೆ ಅಷ್ಟೇ ದಾಖಲಾಗಿರುತ್ತದೆ, ವಿಮಾ ಕಂಪನಿಯ ವಕೀಲರು ಆ ಸಾಲನ್ನು ಹಿಡಿದು "ಡಿಕ್ಕಿಯೇ ಆಗಿಲ್ಲ" ಎನ್ನುತ್ತಾರೆ. ತಪ್ಪಿದ್ದರೆ ತಿದ್ದಲು ತಕ್ಷಣ ಲಿಖಿತವಾಗಿ ಕೇಳಿ. ದೂರಿನಲ್ಲಿ ವಾಹನದ ಸಂಖ್ಯೆ ಇರಬೇಕು. ಚಿಕಿತ್ಸೆಯ ಕಾರಣಕ್ಕೆ ಎಫ್‌ಐಆರ್ ತಡವಾದರೆ ಅಷ್ಟರಿಂದಲೇ ಕ್ಲೇಮು ಬಿದ್ದುಹೋಗುವುದಿಲ್ಲ, ಆದರೆ ತಡವಾದದ್ದೇಕೆ ಎಂದು ದೂರಿನಲ್ಲೇ ಬರೆದಿರಬೇಕು. ಅಂಗಡಿಗಳ ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುವುದರಿಂದ ಅದನ್ನು ವಶಕ್ಕೆ ಪಡೆಯುವಂತೆ ತನಿಖಾಧಿಕಾರಿಗೆ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

2022ರಿಂದ ಜಾರಿಯಲ್ಲಿರುವ ಕೇಂದ್ರ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನದೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕಳಿಸಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿಯಾಗಿ ಪರಿಗಣಿಸಲು ಕಾನೂನಿನಲ್ಲಿ ಅವಕಾಶವಿದೆ. ಅದನ್ನು ನೆಚ್ಚಿ ಕೂರಬೇಡಿ. ಸ್ವಂತ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಮಿತಿ ಇದೆ. ಈ ಮಿತಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೆ ಒಳಗಾಗಿದ್ದರೂ ಅದರೊಳಗೇ ಹಾಕುವುದು ಕ್ಷೇಮ. ಅರ್ಜಿ ಹಾಕಿದ ದಿನಕ್ಕಿಂತ ಹಿಂದಿನ ಬಡ್ಡಿ ಸಿಗುವುದಿಲ್ಲವಾದ್ದರಿಂದ ತಡ ಮಾಡಿದಷ್ಟೂ ನಷ್ಟ.

ಮೊತ್ತ ಹೇಗೆ ಲೆಕ್ಕ ಹಾಕುತ್ತಾರೆ? ನಿಮ್ಮ ತಮ್ಮನ ಆದಾಯ ತಿಂಗಳಿಗೆ 20,000 ರೂ. ಎಂದು ಸಾಬೀತಾಯಿತು ಅಂದುಕೊಳ್ಳಿ. ಸ್ವಂತ ದುಡಿಮೆಯ, 40 ವರ್ಷದೊಳಗಿನವರಿಗೆ ಮುಂದಿನ ಆದಾಯ ವೃದ್ಧಿಯೆಂದು ಶೇ 40 ಸೇರುತ್ತದೆ: 28,000. ವರ್ಷಕ್ಕೆ 3,36,000. ಇದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ; 31ರಿಂದ 35 ವಯಸ್ಸಿಗೆ ಗುಣಕ 16, ಅಂದರೆ 53,76,000. ಇದನ್ನು ದುಡಿಯುವ ಸಾಮರ್ಥ್ಯ ಎಷ್ಟು ಶೇಕಡ ಕುಗ್ಗಿದೆಯೋ ಅದರಿಂದ ಗುಣಿಸುತ್ತಾರೆ. ಶೇ 10 ಆದರೆ 5,37,600. ಶೇ 15 ಆದರೆ 8,06,400. ಪ್ರತಿ ಒಂದು ಶೇಕಡಕ್ಕೆ 53,760 ರೂಪಾಯಿ!

ಜಗಳವೆಲ್ಲ ಈ ಶೇಕಡದ ಮೇಲೆ. ವೈದ್ಯರು ಕಾಲಿಗೆ ಶೇ 30 ಊನ ಎಂದು ಬರೆದರೆ ನಮ್ಮ ನ್ಯಾಯಮಂಡಳಿಗಳು ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗವನ್ನು, ಅಂದರೆ ಶೇ 10ನ್ನು, ಇಡೀ ದೇಹದ ಊನವೆಂದು ತೆಗೆದುಕೊಳ್ಳುತ್ತವೆ. ಅಲ್ಲಿಗೇ ಬಿಡಬಾರದು. ಕಾಲಿನ ಊನ ಮೇಜಿನ ಕೆಲಸದವನಿಗೆ ಒಂದು ಬಗೆ, ಏಣಿ ಹತ್ತಿ ವೈರಿಂಗ್ ಮಾಡುವವನಿಗೆ ಇನ್ನೊಂದು ಬಗೆ. ಊನದಿಂದ ಆ ವ್ಯಕ್ತಿಯ ಗಳಿಕೆಗೆ ಎಷ್ಟು ಪೆಟ್ಟು ಬಿತ್ತು ಎಂಬುದನ್ನೇ ನೋಡಬೇಕೆಂದು ಸುಪ್ರೀಂ ಕೋರ್ಟಿನ 2010ರ ರಾಜ್ ಕುಮಾರ್ ತೀರ್ಪು ಹೇಳುತ್ತದೆ. ಕುಕ್ಕರುಗಾಲಲ್ಲಿ ಕೂರಲು ಆಗದು, ಏಣಿಯ ಮೇಲೆ ನಿಲ್ಲಲು ಆಗದು ಎಂಬ ಮಾತು ವೈದ್ಯರ ಸಾಕ್ಷ್ಯದಲ್ಲೇ ಬರಬೇಕು. ಪ್ರಮಾಣಪತ್ರ ಕೊಟ್ಟರೆ ಸಾಲದು. ವೈದ್ಯರು, ಸಾಧ್ಯವಾದರೆ ಚಿಕಿತ್ಸೆ ಕೊಟ್ಟವರೇ, ಬಂದು ಸಾಕ್ಷಿ ಹೇಳಬೇಕು. ಆದಾಯಕ್ಕೆ ಬ್ಯಾಂಕ್ ಪಾಸ್‌ಬುಕ್, ಯುಪಿಐ ಜಮೆಗಳು, ಎಲೆಕ್ಟ್ರಿಷಿಯನ್ ಪರವಾನಗಿ, ಗುತ್ತಿಗೆದಾರನ ಸಾಕ್ಷ್ಯ ಹೊಂದಿಸಿ. ಏನೂ ಇಲ್ಲದಿದ್ದರೆ ಕೋರ್ಟು ಅಂದಾಜು ಆದಾಯ ಹಿಡಿಯುತ್ತದೆ.

ಇದರ ಮೇಲೆ ಆಸ್ಪತ್ರೆ ಬಿಲ್ಲು, ಮಲಗಿದ್ದ ತಿಂಗಳುಗಳ ಸಂಪಾದನೆ, ನೋವು ಸಂಕಟ, ಆರೈಕೆ, ಓಡಾಟದ ಖರ್ಚು ಪ್ರತ್ಯೇಕ. ಒಳಗಿಟ್ಟ ರಾಡ್ ತೆಗೆಯುವ ಆಪರೇಷನ್ನಿನ ಅಂದಾಜು ಪಟ್ಟಿ ಮರೆಯಬೇಡಿ. ಅಂದಹಾಗೆ, 2025ರ ನಗದುರಹಿತ ಚಿಕಿತ್ಸಾ ಯೋಜನೆಯಡಿ ಅಪಘಾತದಿಂದ ಏಳು ದಿನದವರೆಗೆ 1.5 ಲಕ್ಷ ರೂ. ತನಕದ ಚಿಕಿತ್ಸೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಸಿಗುತ್ತದೆ.

ದಯವಿಟ್ಟು ಅವಸರದ ಸಹಿ ಮಾಡಬೇಡಿ. ಠಾಣೆಯಲ್ಲಿ ಹತ್ತಿಪ್ಪತ್ತು ಸಾವಿರಕ್ಕೆ "ರಾಜಿಯಾಗಿದೆ, ದೂರು ಬೇಡ" ಎಂದು ಬರೆದುಕೊಟ್ಟರೆ ಮುಂದೆ ಅದೇ ಕೊರಳಿಗೆ ಬರುತ್ತದೆ. ಸೆಕ್ಷನ್ 164ರಡಿ ತಪ್ಪು ಯಾರದೆಂದು ನೋಡದೆ ಸಿಗುವ ನಿಗದಿತ ಮೊತ್ತ (ತೀವ್ರ ಗಾಯಕ್ಕೆ 2.5 ಲಕ್ಷ) ಆಕರ್ಷಕವಾಗಿ ಕಾಣುತ್ತದೆ. ವಿಮಾ ಕಂಪನಿಯೊಂದಿಗಿನ ಇತ್ಯರ್ಥದಲ್ಲಿ ಅದನ್ನು ಸ್ವೀಕರಿಸಿದರೆ ಸೆಕ್ಷನ್ 166ರ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಮೇಲಿನ ಲೆಕ್ಕದ ಪಕ್ಕದಲ್ಲಿಟ್ಟು ತೂಗಿ ನೋಡಿ. ವಕೀಲರು ಬರುವ ಹಣದಲ್ಲಿ ಶೇಕಡವಾರು ಪಾಲು ಕೇಳುವುದಕ್ಕೆ ಬಾರ್ ಕೌನ್ಸಿಲ್ ನಿಯಮದಲ್ಲಿ ಅವಕಾಶವಿಲ್ಲ. ಫೀಸು ಮೊದಲೇ ಮಾತಾಡಿ. ಫೀಸು ಕೊಡುವ ಸ್ಥಿತಿಯಲ್ಲಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ.

ಅದೇ ಅಪಘಾತದಲ್ಲಿ ಡೆಲಿವರಿ ಸವಾರನಿಗೂ ಪೆಟ್ಟಾಗಿ, ತಪ್ಪು ಇನ್ನೊಂದು ವಾಹನದ್ದಾಗಿದ್ದರೆ ಅವನೂ ಆ ವಾಹನದ ವಿಮಾ ಕಂಪನಿಯ ಮೇಲೆ ಇದೇ ರೀತಿ ಅರ್ಜಿ ಹಾಕಬಹುದು. ನೌಕರರ ಪರಿಹಾರ ಕಾನೂನಿನಡಿಯೂ ಅವನಿಗೆ ಹಕ್ಕಿದ್ದರೆ ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು; ಎರಡೂ ಕಡೆ ಪಡೆಯಲು ಸೆಕ್ಷನ್ 167 ಬಿಡುವುದಿಲ್ಲ.