ರೋಗಿ ಹದಗೆಡುತ್ತಿರುವುದು ಮೊದಲು ಗೊತ್ತಾಗುವುದು ಉಸಿರಿನಲ್ಲಿ

ವಾರ್ಡಿನಲ್ಲಿ ರೋಗಿಯ ಹೃದಯ ನಿಂತರೆ ಎಲ್ಲರೂ 'ದಿಢೀರ್ ಅಂತ ಹೀಗಾಯ್ತು' ಅನ್ನುತ್ತಾರೆ. ಚಾರ್ಟ್ ತೆಗೆದು ನೋಡಿದರೆ ಎಷ್ಟೋ ಸಲ ಗಂಟೆಗಳ ಮುಂಚೆಯೇ ವೈಟಲ್ಸ್ (ಉಸಿರು, ನಾಡಿ, ಬಿಪಿ, ಜ್ವರದಂಥ ಅಳತೆಗಳು) ಬದಲಾಗಿರುತ್ತವೆ. ದಿನವಿಡೀ ರೋಗಿಯ ಹತ್ತಿರ ಇರುವವರು ನರ್ಸ್‌ಗಳಾದ ನಾವೇ ಅಲ್ವಾ? ಅದು ಮೊದಲು ನಮ್ಮ ಕಣ್ಣಿಗೇ ಬೀಳಬೇಕು.

ಹೆಚ್ಚಾಗಿ ಮೊದಲು ಏರುವುದು ಉಸಿರಾಟದ ವೇಗ. ಸೋಂಕು ಏರಿದಾಗ ಅಥವಾ ರಕ್ತ ಹೋದಾಗ ಅಂಗಗಳಿಗೆ ಆಕ್ಸಿಜನ್ ಸಾಲುವುದಿಲ್ಲ, ರಕ್ತದಲ್ಲಿ ಆಮ್ಲ ಜಾಸ್ತಿಯಾಗುತ್ತದೆ. ದೇಹ ಬೇಗ ಬೇಗ ಉಸಿರಾಡಿ ಕಾರ್ಬನ್ ಡೈಆಕ್ಸೈಡ್ ಹೊರಹಾಕಿ ಅದನ್ನು ಸರಿದೂಗಿಸಲು ನೋಡುತ್ತದೆ. ಅಷ್ಟರಲ್ಲಿ ರಕ್ತನಾಳಗಳು ಬಿಗಿದುಕೊಂಡು, ನಾಡಿ ಜೋರಾಗಿ, ಬಿಪಿಯನ್ನು ಹಿಡಿದಿಟ್ಟಿರುತ್ತವೆ. ಬಿಪಿ ಬೀಳುವ ಹೊತ್ತಿಗೆ ತಡವಾಗಿರುತ್ತದೆ.

ಆದರೂ ಎಣಿಸದೆ ಸುಮ್ನೆ '20' ಅಂತ ಬರೆದುಬಿಡುವುದು ಉಸಿರನ್ನೇ! ದಯವಿಟ್ಟು ಪೂರ್ತಿ 1 ನಿಮಿಷ ಎಣಿಸಿ. ನಾಡಿ ನೋಡುವ ಹಾಗೆ ಕೈ ಹಿಡಿದುಕೊಂಡೇ ಎದೆ ನೋಡಿ. ಎಣಿಸುತ್ತಿದ್ದೀರಿ ಅಂತ ಗೊತ್ತಾದರೆ ರೋಗಿಯ ಉಸಿರಾಟ ಬದಲಾಗುತ್ತದೆ.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ 'ನ್ಯೂಸ್' (ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್) ತಂದಿತು; ಪ್ರತಿ ವೈಟಲ್ ಎಷ್ಟು ಹದ ತಪ್ಪಿದೆ ಅಂತ ಅಂಕ ಕೊಟ್ಟು ಕೂಡುವ ಲೆಕ್ಕ ಇದು; 2017ರಲ್ಲಿ ಅದನ್ನು ಪರಿಷ್ಕರಿಸಿ 'ನ್ಯೂಸ್ 2' ಮಾಡಿತು. ಒಂದು ಲೆಕ್ಕ ಮಾಡಿ ನೋಡೋಣ. ಆಪರೇಷನ್ ಆಗಿ ಎರಡನೇ ದಿನದ ರೋಗಿ, ಎಚ್ಚರವಾಗಿ ಮಾತಾಡುತ್ತಿದ್ದಾರೆ, ಆಕ್ಸಿಜನ್ ಹಾಕಿಲ್ಲ. ಉಸಿರು ನಿಮಿಷಕ್ಕೆ 23, ಅದಕ್ಕೆ 2 ಅಂಕ. ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಶೇ. 95, ಮೇಲಿನ ಬಿಪಿ 108, ನಾಡಿ 104, ಜ್ವರ 38.2 ಡಿಗ್ರಿ ಸೆಲ್ಸಿಯಸ್: ಇವಕ್ಕೆ ತಲಾ 1. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಗಾಬರಿ ಹುಟ್ಟಿಸುವುದಿಲ್ಲ. ಕೂಡಿದರೆ 6! 5 ಆದರೇ ಡಾಕ್ಟರನ್ನು ತುರ್ತಾಗಿ ಕರೆಯಬೇಕು, ಗಂಟೆಗೊಮ್ಮೆಯಾದರೂ ವೈಟಲ್ಸ್ ನೋಡಬೇಕು. 7 ಅಥವಾ ಹೆಚ್ಚಾದರೆ ಎಮರ್ಜೆನ್ಸಿ. ಹೊಸದಾಗಿ ಗೊಂದಲದ ಮಾತು ಶುರುವಾದರೆ ಅದೊಂದಕ್ಕೇ 3 ಅಂಕ. ಹಾಗಾಗಿ ಮನೆಯವರು 'ಯಾಕೋ ಏನೇನೋ ಮಾತಾಡ್ತಿದ್ದಾರೆ ಸಿಸ್ಟರ್' ಅಂದರೆ ಹೋಗಿ ನೋಡಿ.

ಫೋನಿನಲ್ಲಿ 'ರೋಗಿ ಸ್ವಲ್ಪ ಡಲ್ ಇದ್ದಾರೆ ಸರ್' ಅಂದರೆ ಆ ಕಡೆಯವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಹೇಳಿ: 'ಸರ್, ಬೆಡ್ 12, ಹೊಟ್ಟೆ ಆಪರೇಷನ್ ಆಗಿ ಎರಡನೇ ದಿನ. ಬೆಳಿಗ್ಗೆ ಉಸಿರು 16 ಇತ್ತು, ಈಗ 23. ಸ್ಕೋರ್ 6. ಸೋಂಕು ಇರಬಹುದು ಅನ್ನಿಸ್ತಿದೆ. ಈಗಲೇ ಬಂದು ನೋಡಿ.' ಬರುವುದು ತಡವಾದರೆ ಅವರ ಮೇಲಿನವರಿಗೆ ಫೋನ್ ಮಾಡಿ, ಸಮಯ ಬರೆದಿಡಿ. ಸ್ಕೋರ್ ಕಡಿಮೆಯಿದ್ದರೂ ರೋಗಿಯನ್ನು ನೋಡಿ ಮನಸ್ಸು ಒಪ್ಪದಿದ್ದರೆ, ಕರೆಯಲು ಅಷ್ಟೇ ಕಾರಣ ಸಾಕು.