ಯಜಮಾನರು ದಿನಾ ವಾಕಿಂಗ್ ಹೋಗುತ್ತಾರೆ, ನನ್ನದು ಮಾತ್ರ ಒಂದೇ ವಾರಕ್ಕೆ ನಿಲ್ಲುತ್ತದೆ. ಯಾಕೆ?

ಪ್ರಶ್ನೆ: ನಮ್ಮ ಯಜಮಾನರು ಚಳಿಯಿರಲಿ, ಮಂಜಿರಲಿ, ಬೆಳಗಿನ ವಾಕಿಂಗ್ ತಪ್ಪಿಸುವುದಿಲ್ಲ. ನಾನು ಎಷ್ಟು ಸಲ ಶುರು ಮಾಡಿದರೂ ವಾರದೊಳಗೆ ನಿಂತುಹೋಗುತ್ತದೆ. "ನಿನ್ನ ಸ್ವಭಾವವೇ ಅಷ್ಟು" ಅನ್ನುತ್ತಾರೆ. ನಿಜವೇ?

ಉತ್ತರ: ಸ್ವಲ್ಪ ನಿಜ. ಆದರೆ ಅವರು ಹೇಳುವಷ್ಟಲ್ಲ.

ಮನಶ್ಶಾಸ್ತ್ರದವರು ಸ್ವಭಾವವನ್ನು ಸಾಮಾನ್ಯವಾಗಿ ಐದು ಗುಣಗಳಲ್ಲಿ ಅಳೆಯುತ್ತಾರೆ. ಅದರಲ್ಲಿ ವ್ಯಾಯಾಮದ ಜೊತೆ ನಂಟು ಕಾಣುವುದು ಮುಖ್ಯವಾಗಿ ಮೂರಕ್ಕೆ. ಜನರ ಜೊತೆ ಸುಲಭವಾಗಿ ಬೆರೆಯುವವರು ಮತ್ತು ಹಿಡಿದ ಕೆಲಸ ಬಿಡದವರು ತುಸು ಜಾಸ್ತಿ ಮೈ ದಂಡಿಸುತ್ತಾರೆ. ಎಲ್ಲದಕ್ಕೂ ಆತಂಕಪಡುವವರು ತುಸು ಕಡಿಮೆ. 2006ರಲ್ಲಿ ರೋಡ್ಸ್ ಮತ್ತು ಸ್ಮಿತ್ ಎಂಬ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಸಿಕ್ಕಿದ್ದೂ ಇದೇ. ಒಬ್ಬರು ಜಾಸ್ತಿ, ಒಬ್ಬರು ಕಡಿಮೆ ವ್ಯಾಯಾಮ ಮಾಡುತ್ತಾರಲ್ಲ, ಆ ವ್ಯತ್ಯಾಸದಲ್ಲಿ ಇಂಥ ಒಂದು ಗುಣದ ಪಾಲು ಹೆಚ್ಚೆಂದರೆ ಶೇ 5ರ ಆಸುಪಾಸು. ಅಷ್ಟಕ್ಕೇ "ನಿನ್ನ ಕೈಲಾಗಲ್ಲ" ಎಂದು ತೀರ್ಪು ಕೊಡುವುದು ಸರಿಯಲ್ಲ.

ಇನ್ನು ಮನೆಯ ಲೆಕ್ಕ ನೋಡೋಣ. ಕೇಂದ್ರ ಸರ್ಕಾರ 2019ರಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿತು. ತಮ್ಮ ಮನೆಯ ಕೆಲಸ ಮಾಡುವ ಹೆಂಗಸರು ಆಗ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ತಮ್ಮ ಮನೆಯ ಕೆಲಸ ಮಾಡುವ ಗಂಡಸರು 97 ನಿಮಿಷ. ಮಾಡುವ ಗಂಡಸರೇ ಕಡಿಮೆ ಅನ್ನುವುದು ಬೇರೆ ಮಾತು! ನಿಮ್ಮ ಯಜಮಾನರು ಆರು ಗಂಟೆಗೆ ಶೂ ಹಾಕುವಾಗ ತಿಂಡಿ, ಡಬ್ಬಿ, ಮಕ್ಕಳ ಯೂನಿಫಾರ್ಮ್ ಯಾರ ತಲೆಯಲ್ಲಿರುತ್ತದೆ? ಅವರ ಶಿಸ್ತಿನಲ್ಲಿ ನಿಮ್ಮ ಅಡುಗೆಮನೆಯ ಪಾಲೂ ಇದೆ. 2024ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಸುಮಾರು ಶೇ 57ರಷ್ಟು ಹೆಂಗಸರಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ. ಗಂಡಸರಲ್ಲಿ ಇದು ಶೇ 42. ಕೋಟ್ಯಂತರ ಹೆಂಗಸರ ಸ್ವಭಾವವೇ ಸರಿಯಿಲ್ಲ ಅನ್ನೋಕಾಗುತ್ತಾ?

ಸಮಯ ಸಿಕ್ಕರೂ ಬೇರೆ ತೊಡಕುಗಳಿವೆ. ದೀಪವಿಲ್ಲದ ರಸ್ತೆ, ಬೀದಿ ನಾಯಿ, "ಇಷ್ಟೊತ್ತಿಗೆ ಎಲ್ಲಿಗೆ?" ಎಂದು ಕೇಳುವ ಪಕ್ಕದ ಮನೆಯವರು. ಚೂಡಿದಾರಿಗೆ, ಸೀರೆಗೆ ಶೂ ಹಾಕಿಕೊಂಡು ಪಾರ್ಕಿನಲ್ಲಿ ಬಿರುಸಾಗಿ ನಡೆಯುವ ಹೆಂಗಸರು ಎಷ್ಟೋ ಕಡೆ ಗುಂಪಾಗಿಯೇ ಬರುತ್ತಾರೆ. ಗುಂಪಿದ್ದರೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಗುಂಪಿನ ವಿಷಯಕ್ಕೆ ಬಂದರೆ, ನನಗೆ ತುಂಬ ಇಷ್ಟವಾದ ಅಧ್ಯಯನವೊಂದಿದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರಾದ ಸಿನಾನ್ ಅರಲ್ ಮತ್ತು ಕ್ರಿಸ್ಟೋಸ್ ನಿಕೋಲೈಡಿಸ್ 2017ರಲ್ಲಿ ಪ್ರಕಟಿಸಿದ್ದು. ತಮ್ಮ ಓಟದ ಲೆಕ್ಕವನ್ನು ಸ್ನೇಹಿತರಿಗೆ ಆನ್‌ಲೈನ್‌ನಲ್ಲಿ ತೋರಿಸುತ್ತಿದ್ದ ಸುಮಾರು 11 ಲಕ್ಷ ಜನರ ದಾಖಲೆ ಅವರ ಕೈಯಲ್ಲಿತ್ತು. ಸ್ನೇಹಿತರು ಒಂದೇ ಥರ ಓಡುವುದು ಅಭಿರುಚಿ ಒಂದೇ ಆದ್ದರಿಂದಲೂ ಇರಬಹುದು, ಅಲ್ವಾ? ಅದನ್ನು ಬೇರ್ಪಡಿಸಲು ಅವರು ಮಳೆ-ಬಿಸಿಲಿನ ಸಹಾಯ ಪಡೆದರು. ಗೆಳೆಯನ ಊರಲ್ಲಿ ಹವಾಮಾನ ಚೆನ್ನಾಗಿದ್ದು ಅವನು ಜಾಸ್ತಿ ಓಡಿದ ದಿನ, ಬೇರೆ ಊರಿನಲ್ಲಿದ್ದವನು ಏನು ಮಾಡಿದ? ಅವನೂ ಜಾಸ್ತಿ ಓಡಿದ. ಗೆಳೆಯ ಒಂದು ಕಿಲೋಮೀಟರ್ ಹೆಚ್ಚು ಓಡಿದರೆ ಇವನು ಸುಮಾರು 300 ಮೀಟರ್ ಹೆಚ್ಚು.

ನಿಮಗೆ ಬೇಕಾದ ಮಾತು ಮುಂದಿದೆ. ಗಂಡಸರ ಓಟ ಗಂಡಸರನ್ನು ಚೆನ್ನಾಗಿಯೇ ಹುರಿದುಂಬಿಸಿತು. ಹೆಂಗಸರ ಓಟ ಇಬ್ಬರ ಮೇಲೂ ಪರಿಣಾಮ ಬೀರಿತು. ಆದರೆ ಗಂಡಸರು ಓಡಿದ್ದು ನೋಡಿ ಹೆಂಗಸರು ಜಾಸ್ತಿ ಓಡಲಿಲ್ಲ. ಇವರೆಲ್ಲ ಮೊದಲೇ ಓಡುವ ಅಭ್ಯಾಸ ಇದ್ದವರು, ಅದೂ ಆನ್‌ಲೈನ್ ಸ್ನೇಹಿತರು ಎನ್ನುವುದು ನೆನಪಿರಲಿ. ಆದರೂ ಯಜಮಾನರನ್ನು ನೋಡಿ ನಿಮಗೆ ಹುಮ್ಮಸ್ಸು ಬರಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಕಿಲ್ಲ.

ಹಾಗಾದರೆ ಸ್ವಭಾವಕ್ಕೆ ಕೆಲಸವೇ ಇಲ್ಲವಾ? ಇದೆ. ಏನನ್ನು ಆರಿಸಿಕೊಳ್ಳಬೇಕು ಅನ್ನುವುದರಲ್ಲಿ ಅದನ್ನು ಕೇಳಿ. ಮಾತು ಇಷ್ಟವಾದರೆ ಪಕ್ಕದ ಬೀದಿಯ ಗೆಳತಿಯ ಜೊತೆ ನಡಿಗೆ, ಶಟಲ್, ಯೋಗ ಕ್ಲಾಸ್. ಗುಂಪು ಅಂದರೆ ಸಂಕೋಚವಾಗುವವರಿಗೆ ಟೆರೇಸ್ ಮೇಲಿನ ನಡಿಗೆ ಸಾಕು. ಜಿಮ್‌ಗೆ ವರ್ಷದ ದುಡ್ಡು ಮೊದಲೇ ಕಟ್ಟಬೇಡಿ.

ಸಮಯದ ಮಾತನ್ನು ಮಾತ್ರ ಮನೆಯಲ್ಲಿ ಕೂತು ಆಡಬೇಕು. ವಾರಕ್ಕೆ ಮೂರು ದಿನ ಬೆಳಗಿನ ತಿಂಡಿ, ಡಬ್ಬಿ ಯಜಮಾನರದ್ದು ಎಂದು ಗೊತ್ತು ಮಾಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಬಿರುಸು ನಡಿಗೆಯಂಥ ಚಟುವಟಿಕೆ. ಒಂದೇ ಸಲಕ್ಕೆ ಕನಿಷ್ಠ 10 ನಿಮಿಷವಾದರೂ ಆಗಬೇಕು ಎಂಬ ಹಳೆಯ ಷರತ್ತನ್ನು 2020ರಲ್ಲಿ ಕೈಬಿಟ್ಟಿದ್ದಾರೆ. ಹಾಗಾಗಿ ಮಗುವನ್ನು ಸ್ಕೂಲ್ ವ್ಯಾನ್ ಹತ್ತಿಸಿ ಬರುವಾಗ ಬೀದಿಯ ಕೊನೆಯವರೆಗೆ ಬಿರುಸಾಗಿ ಒಂದು ಸುತ್ತು ಹಾಕಿದರೆ ಅದೂ ಸೇರುತ್ತದೆ.